ತಾವರಗೇರಾ ಮೇಲಿನ ಮಡು

ವಿಜಯಪುರದಿಂದ ಬಳ್ಳಾರಿಗೆ ವಿಮಾನದ ದಾರಿ ಇನ್ನೂರ ಇಪ್ಪತ್ತು ಕಿಲೋಮೀಟರು. ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನಕ್ಕೆ ಅದು ನಲವತ್ತೆಂಟು ನಿಮಿಷದ ಹಾರಾಟ. ಈ ಎರಡು ಸಣ್ಣ ನಿಲ್ದಾಣಗಳ ನಡುವೆ ಮೊದಲ ವಿಮಾನ ಹಾರಿದ ದಿನ, ಬೆಳಿಗ್ಗೆ ಎಂಟಕ್ಕೆ ವಿಜಯಪುರ ಬಿಟ್ಟದ್ದು ಬಳ್ಳಾರಿಯಲ್ಲಿ ಬಂದಿಳಿದಾಗ ಹತ್ತು ಗಂಟೆ ನಲವತ್ತೆರಡು ನಿಮಿಷ. ಅಷ್ಟರಲ್ಲಿ ಬಳ್ಳಾರಿಯ ನಿಯಂತ್ರಣ ಗೋಪುರದಲ್ಲಿ ಕೂತಿದ್ದ ಅಕ್ಷತಾ, ವಿಮಾನ ಕಾಣೆಯಾಗಿದೆ ಎಂದು ಮೂರು ಜಿಲ್ಲೆಗಳ ಪೊಲೀಸರಿಗೆ ತಿಳಿಸಿಯಾಗಿತ್ತು. ಪೈಲಟ್ ಮಾತ್ರ ಆರಾಮಾಗಿ ಮೆಟ್ಟಿಲಿಳಿದು ಬಂದು ಕೈಗಡಿಯಾರ ನೋಡಿಕೊಂಡ.

"ಎಂಟು ನಲವತ್ತೆಂಟು. ಒಂದ್ ನಿಮಿಷ ಹೆಚ್ಚಿಲ್ಲ, ಒಂದ್ ನಿಮಿಷ ಕಡಿಮಿಲ್ಲ," ಎಂದು ನಕ್ಕ.

ಅಕ್ಷತಾ ಅವನ ಮೇಲೆ ಹರಿಹಾಯ್ದಳು. ಆಮೇಲೆ ಹದಿನಾಲ್ಕು ಪ್ರಯಾಣಿಕರ ಗಡಿಯಾರಗಳನ್ನೂ ನೋಡಿದಳು. ಎಲ್ಲವೂ ಎಂಟು ನಲವತ್ತೆಂಟನ್ನೇ ತೋರಿಸುತ್ತಿದ್ದವು. ಆ ಪೈಲಟ್ ಶ್ರೀಶೈಲ ಬಿರಾದಾರ. ಎರಡು ವರ್ಷದ ಮೇಲೆ ಅವಳು ಅವನನ್ನೇ ಮದುವೆಯಾದಳು.

ವಿಜ್ಞಾನಿಗಳು ಬಂದರು. ಗಡಿಯಾರ ಕಟ್ಟಿದ ಬಲೂನುಗಳನ್ನು ಹಾರಿಬಿಟ್ಟರು. ಕುಷ್ಟಗಿ ತಾಲೂಕಿನ ತಾವರಗೇರಾ ಊರಿನ ಮೇಲೆ, ನೆಲದಿಂದ ಒಂದೂವರೆ ಮೈಲಿ ಎತ್ತರದಲ್ಲಿ, ಮೂವತ್ತು ಕಿಲೋಮೀಟರು ಅಗಲದ ಆಕಾಶದಲ್ಲಿ ಕಾಲವೇ ನಿಧಾನ ಹರಿಯುತ್ತದೆ ಎಂದು ಕೊನೆಗೆ ಒಪ್ಪಿಕೊಂಡರು. ವಿಮಾನದೊಳಗೆ ಆರು ನಿಮಿಷ ಕಳೆದರೆ ನೆಲದ ಮೇಲೆ ಎರಡು ತಾಸು ಕಳೆದಿರುತ್ತದೆ. ಯಾಕೆ ಹೀಗೆ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರು. ತಾವರಗೇರಾದ ಜನಕ್ಕೆ ಅದೆಲ್ಲ ಬೇಕಾಗಿರಲಿಲ್ಲ. ಹೊಲದಲ್ಲಿ ನಿಂತು ತಲೆಯೆತ್ತಿದರೆ ವಿಮಾನ ಸ್ವಲ್ಪ ಕೆಂಪಾಗಿ, ಗಾಳಿಪಟದ ಹಾಗೆ ಆಕಾಶದಲ್ಲೇ ನಿಂತಿರುವುದು ಅವರ ಕಣ್ಣಿಗೇ ಕಾಣುತ್ತಿತ್ತು. ಹರಿಯುವ ಹೊಳೆ ಆಳ ಇದ್ದಲ್ಲಿ ತಡೆದು ನಿಲ್ಲುವುದಿಲ್ಲವೇ, ಅದು ಮಡು ಎಂದರು ಅವರು. ಸರಕಾರದ ಕಾಗದಗಳಲ್ಲೂ ಆ ಹೆಸರೇ ಉಳಿಯಿತು.

ಪ್ರಯಾಣಿಕರ ವಿಮಾನಗಳು ಸುತ್ತು ದಾರಿ ಹಿಡಿದವು. ಮಡುವಿನ ದಾರಿ ಉಳಿದದ್ದು ರೋಗಿಗಳಿಗೆ. ವಿಜಯಪುರದಲ್ಲಿ ಎದೆನೋವು ಬಂದವರನ್ನು ಆ ವಿಮಾನದಲ್ಲಿ ಮಲಗಿಸಿದರೆ, ಬಳ್ಳಾರಿಯಲ್ಲಿ ಡಾಕ್ಟರು, ಔಷಧಿ, ಆಪರೇಷನ್ ಕೋಣೆ ಎಲ್ಲ ಸಿದ್ಧವಾಗಲು ಎರಡು ತಾಸು ಸಿಗುತ್ತಿತ್ತು. ರೋಗಿಯ ಮೈಗೆ ಅದು ಆರೇ ನಿಮಿಷ. ಆ ದಾರಿಯಲ್ಲಿ ಬದುಕಿ ಉಳಿದವರು ವರ್ಷಕ್ಕೆ ನೂರಾರು ಮಂದಿ.

ಅಂಥ ವಿಮಾನವನ್ನು ದಿನಾ ಬಳ್ಳಾರಿಯಿಂದ ವಿಜಯಪುರಕ್ಕೆ ಒಯ್ದು ಮರಳಿ ತರುತ್ತಿದ್ದವನು ಶ್ರೀಶೈಲ. ಹೋಗುವಾಗ ಎರಡು ತಾಸು, ಬರುವಾಗ ಎರಡು ತಾಸು ಅವನ ಲೆಕ್ಕದಿಂದ ತಪ್ಪಿಹೋಗುತ್ತಿದ್ದವು. ಊರಿಗೆಲ್ಲ ಇಪ್ಪತ್ನಾಲ್ಕು ತಾಸಿನ ದಿನವಾದರೆ ಅವನಿಗೆ ಇಪ್ಪತ್ತು. ರಾತ್ರಿ ಊಟದ ಹೊತ್ತಿಗೆ ಅವನಿಗೆ ಹಸಿವಿರುತ್ತಿರಲಿಲ್ಲ, ಎಲ್ಲರೂ ಮಲಗಿದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ವಾರಕ್ಕೆ ಒಂದು ದಿನ ಪೂರ್ತಿ ಸುಸ್ತಾಗಿ ಬಿದ್ದುಕೊಳ್ಳುತ್ತಿದ್ದ.

"ನನ್ನ ಮಗಾ ವಯಸ್ಸಾಗಲಾರದಂಗ ಉಳೀತಾನ ನೋಡು," ಎಂದು ಅವನ ತಾಯಿ ನೀಲವ್ವ ರೊಟ್ಟಿ ಬಡಿಯುತ್ತ ನಗುತ್ತಿದ್ದಳು. "ನೀ ಮುದುಕಿ ಆಗೂದ್ರಾಗ ಇವ ಇನ್ನೂ ಹುಡುಗ ಇರ್ತಾನ."

ಅಕ್ಷತಾಳೂ ನಗುತ್ತಿದ್ದಳು. ಭೌತಶಾಸ್ತ್ರ ಓದಿದವಳು ಅವಳು. ಮಡುವಿನ ಕೋಷ್ಟಕ ತಯಾರಿಸುವ ಕೆಲಸ ಅವಳದೇ ಆಗಿತ್ತು. ನಡುವಿನಿಂದ ಹನ್ನೆರಡು ಕಿಲೋಮೀಟರು ದೂರದಲ್ಲಿ ಕಾಲ ಇಪ್ಪತ್ತು ಪಟ್ಟು ನಿಧಾನ, ಹತ್ತು ಕಿಲೋಮೀಟರಿನಲ್ಲಿ ಇಪ್ಪತ್ತೇಳು ಪಟ್ಟು. ಅದಕ್ಕಿಂತ ಒಳಗೆ ಯಾರೂ ಹೋಗಿರಲಿಲ್ಲ. ಎರಡು ಬಲೂನುಗಳು ಗಾಳಿಗೆ ಸಿಕ್ಕು ಒಳಗೆ ಹೋಗಿದ್ದವು, ಮರಳಿರಲಿಲ್ಲ. ಒಡೆದಿರಬೇಕು ಎಂದು ಕಡತದಲ್ಲಿ ಬರೆದಿತ್ತು.

ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ವಿಜಯಪುರದ ಆಸ್ಪತ್ರೆಯಿಂದ ಗೋಪುರಕ್ಕೆ ಫೋನು ಬಂತು. ಮಾತಾಡಿದವಳು ಡಾಕ್ಟರ್ ಮೇದಿನಿ ಕುಲಕರ್ಣಿ. ರೋಗಿಗಳ ಜೊತೆ ವಿಮಾನದಲ್ಲಿ ಬರುತ್ತಿದ್ದವಳು ಅವಳೇ.

"ಅಕ್ಷತಾ, ಇಲ್ಲೊಬ್ಬಾಕಿ ಬಾಣಂತಿ ಇದ್ದಾಳ. ರುಬೀನಾ ಅಂತ, ಇಪ್ಪತ್ತಮೂರು ವರ್ಷ. ನಸುಕಿನ್ಯಾಗ ಹೆಣ್ಣುಕೂಸು ಆತು. ರಕ್ತ ನಿಲ್ಲವಲ್ದು. ಬಾಂಬೆ ಬ್ಲಡ್ ಗ್ರೂಪ್ ಅಂತಾರಲ್ಲ, ಹತ್ತು ಸಾವಿರದಾಗ ಒಬ್ಬರಿಗೆ ಇರೂದು, ಅದು ಆಕಿದು. ಬ್ಯಾರೆ ಯಾವ ರಕ್ತಾನೂ ಹಾಕೂ ಹಂಗಿಲ್ಲ."

"ಸಿಗೂದಿಲ್ಲೇನು ಎಲ್ಲೂ?"

"ಭಟ್ಕಳದಾಗ ಒಬ್ಬರು ಅದಾರ. ಮೀನುಗಾರರು. ಸಮುದ್ರದೊಳಗ ದೂರ ಹೋಗ್ಯಾರ, ವಾಯರ್‌ಲೆಸ್‌ನಾಗ ಸಿಕ್ಕರು. ದಂಡಿಗೆ ಬಂದು, ರಕ್ತ ಕೊಟ್ಟು, ಅದು ಬಳ್ಳಾರಿ ಮುಟ್ಟಾಕ ಇಪ್ಪತ್ತು ತಾಸು ಬೇಕು. ಈಕಿ ಬಾಳ ಅಂದ್ರ ಒಂದೂಕಾಲು ತಾಸು ತಡೀತಾಳ. ಹಾರಾಟಕ್ಕ ನಲವತ್ತೆಂಟು ನಿಮಿಷ, ಹತ್ತಸಾಕ ಇಳಸಾಕ ಏಳು ನಿಮಿಷ ತಗದ್ರ ನನ್ನ ಕೈಯಾಗ ಉಳಿಯೂದು ಇಪ್ಪತ್ತು ನಿಮಿಷ. ಮಡುವಿನಾಗ ಇನ್ನೂ ಒಳಗ ಹ್ವಾದ್ರ ಇನ್ನೂ ನಿಧಾನ ಆಗತೈತಿ ಅಂತಿ ಅಲ್ಲ ನೀನು? ಇಪ್ಪತ್ತು ನಿಮಿಷಕ್ಕ ಇಪ್ಪತ್ತು ತಾಸು ಸಿಗೂ ಜಾಗಾ ಐತೇನು?"

ಅಕ್ಷತಾ ಕೋಷ್ಟಕ ತೆರೆದಳು. ಅಳೆದಿದ್ದ ಎರಡು ಅಂಕಿಗಳ ನಡುವೆ ಗೆರೆ ಎಳೆದು ಅದನ್ನು ಮುಂದಕ್ಕೆ ಒಯ್ದಳು. ನಡುವಿನಿಂದ ಐದು ಕಿಲೋಮೀಟರಿಗೆ ಅರವತ್ತು ಪಟ್ಟು. ನಿಮಿಷಕ್ಕೆ ಒಂದು ತಾಸು. ಬೇಕಾದದ್ದೂ ಅಷ್ಟೇ.

ಶ್ರೀಶೈಲ ಆಗಲೇ ವಿಜಯಪುರದಲ್ಲಿದ್ದ. ರೇಡಿಯೋದಲ್ಲಿ ಅವನಿಗೆ ಹೇಳಿದಳು.

"ಅಳದದ್ದೋ, ಲೆಕ್ಕದ್ದೋ?" ಎಂದು ಕೇಳಿದ.

"ಲೆಕ್ಕದ್ದು."

"ನಿನ್ನ ಲೆಕ್ಕ ಅಂದ್ರ ಮುಗೀತು. ಒಳಗ ಹೋಗಿ ಐದು ಕಿಲೋಮೀಟರಿಗೆ ಸುತ್ತು ಹೊಡೀತೀನಿ. ನನ್ನ ಗಡಿಯಾರದಾಗ ಇಪ್ಪತ್ತು ನಿಮಿಷ ಆದ ಕೂಡಲೆ ಹೊರಗ. ನಾಳೆ ಬೆಳಿಗ್ಗೆ ಚಾ ಕುಡ್ಯಾಕ ಮನಿಗೆ ಬಂದಿರ್ತೀನಿ ತಗೋ."

ಎರಡು ಬಲೂನುಗಳ ವಿಷಯ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ರೇಡಿಯೋದ ಆ ಕಡೆ ಎಂಜಿನ್ ಶುರುವಾಯಿತು, ಹಿಂದೆ ಯಾರೋ ಹೆಂಗಸು ನರಳುವುದು ಕೇಳಿಸಿತು. ಅಕ್ಷತಾ ಹೇಳಲಿಲ್ಲ.

ವಿಮಾನದ ಗುರುತುಯಂತ್ರ ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಗೋಪುರದಲ್ಲಿ ಅದು ಟಿಕ್ ಎಂದು ಕೇಳುತ್ತದೆ. ಮಡುವಿನ ಅಂಚು ಹೊಕ್ಕೊಡನೆ ಟಿಕ್‌ಗಳು ಇಪ್ಪತ್ತು ಸೆಕೆಂಡಿಗೊಂದಾದವು. ಆಮೇಲೆ ಇಪ್ಪತ್ತೇಳು. ಆಮೇಲೆ ನಲವತ್ತು. ಮುಂದಿನದು ಸರಿಯಾಗಿ ಒಂದು ನಿಮಿಷಕ್ಕೆ ಬಂತು. ಅಕ್ಷತಾ ಉಸಿರು ಬಿಟ್ಟು ಕುರ್ಚಿಗೆ ಒರಗಿದಳು.

ಅದರ ಮುಂದಿನದು ನಾಲ್ಕು ನಿಮಿಷಕ್ಕೆ ಬಂತು. ಅದರ ಮುಂದಿನದು ಐವತ್ತು ನಿಮಿಷಕ್ಕೆ, ಅದೂ ಕಿವಿಗೆ ಹತ್ತದಷ್ಟು ಕ್ಷೀಣವಾಗಿ. ಆಮೇಲೆ ಏನೂ ಬರಲಿಲ್ಲ. ತಾವರಗೇರಾದಿಂದ ಒಬ್ಬರು ಫೋನು ಮಾಡಿ, "ವಿಮಾನ ಕೆಂಡದಂಗ ಕೆಂಪಾಗಿ ಆರಿಹೋತ್ರಿ ಮೇಡಂ, ಈಗ ಕಾಣವಲ್ದು," ಎಂದರು.

ಮಧ್ಯಾಹ್ನ ಮೂರೂವರೆಗೆ ಬಾಡಿಗೆ ಜೀಪೊಂದು ಬಂದು ನಿಲ್ದಾಣದ ಮುಂದೆ ನಿಂತಿತು. ಟವೆಲ್ಲಿನಲ್ಲಿ ಸುತ್ತಿದ ಕೂಸನ್ನು ಎದೆಗೆ ಒತ್ತಿಕೊಂಡು ಒಬ್ಬ ಯುವಕ ಮೆಟ್ಟಿಲೇರಿ ಬಂದ. ರುಬೀನಾಳ ಗಂಡ ದಸ್ತಗೀರ. ವಿಜಯಪುರದಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತಿ ಕೊಡುವ ಅಂಗಡಿ ಅವನದು.

"ವಿಮಾನ ಬಂತೇನ್ರಿ ಅಕ್ಕಾರ?"

"ಇಲ್ಲ. ನಾಳೆ ಬೆಳಿಗ್ಗೆ," ಎಂದಳು ಅಕ್ಷತಾ. ಹೇಳುವಾಗಲೇ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಐದೂವರೆಗೆ, ಹೇಳಿದ ಹೊತ್ತಿಗೆ ಸರಿಯಾಗಿ, ಭಟ್ಕಳದ ವಾಸುದೇವ ಖಾರ್ವಿ ಬಂದಿಳಿದರು. ಮೈಯಲ್ಲಿ ಇನ್ನೂ ಮೀನಿನ ವಾಸನೆ. ರಕ್ತದ ಚೀಲವನ್ನು ಆಸ್ಪತ್ರೆಯವರು ಮೊದಲೇ ತಂದಿದ್ದರೂ, ಇನ್ನೊಂದು ಚೀಲ ಬೇಕಾದರೆ ಇರಲಿ ಎಂದು ತಾವೇ ಜೊತೆಗೆ ಬಂದಿದ್ದರು.

"ನಾನು ಬಂದದ್ದು ತಡ ಆಯ್ತಾ ಮೇಡಂ?" ಎಂದರು.

ಅಕ್ಷತಾ ಅವರಿಗೆ ಕುರ್ಚಿ ಎಳೆದು ಕೊಟ್ಟಳು.

ಹದಿನೈದು ದಿನ ಹುಡುಕಾಟ ನಡೆಯಿತು. ಅವಶೇಷ ಏನೂ ಸಿಗಲಿಲ್ಲ. ವಿಮಾನ ನಷ್ಟವಾಗಿದೆ ಎಂದು ಇಲಾಖೆ ಪ್ರಕಟಿಸಿತು. ಮನೆಯಲ್ಲಿ ಅಕ್ಷತಾ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು, ಎರಡು ಬಲೂನುಗಳನ್ನೂ ಬಿಡದೆ. ನೀಲವ್ವ ಕೇಳಿಸಿಕೊಂಡು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದಲೇ, "ನನ್ನ ಮಗಾ ಬರೂತನಕಾ ನನ್ನ ಕೂಡ ಮಾತಾಡಬ್ಯಾಡ," ಎಂದಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ನಾಲ್ಕು ತಿಂಗಳು ಒಂದು ಮಾತಿಲ್ಲದೆ ಉಂಡು ಮಲಗಿದರು.

ಆದರೆ ಅಕ್ಷತಾಳ ತಲೆಯಲ್ಲಿ ಒಂದು ಯೋಚನೆ ಕೊರೆಯುತ್ತಿತ್ತು. ಕಾಲ ನಿಧಾನವಾದರೆ ವಿಮಾನದಿಂದ ಬರುವ ಬೆಳಕೂ ರೇಡಿಯೋ ಅಲೆಯೂ ಅಷ್ಟೇ ಪಟ್ಟು ಹಿಗ್ಗಬೇಕು. ಬೆಳಕು ಕೆಂಪಾಗಿ ಕಣ್ಣಿಂದ ಮರೆಯಾದದ್ದು ಅದಕ್ಕೇ. ಮಿಡಿತ ನಿಂತಿಲ್ಲ, ಗೋಪುರದ ಯಂತ್ರ ಹಿಡಿಯಲಾರದಷ್ಟು ಉದ್ದವಾದ ಅಲೆಯಾಗಿ ಬರುತ್ತಿರಬಹುದು. ಅಂಥದ್ದನ್ನು ಹಿಡಿಯಲು ದೊಡ್ಡದೊಂದು ತಂತಿಯ ಸುರುಳಿ ಬೇಕು.

ಹಾಗೆಂದು ದಸ್ತಗೀರನಿಗೆ ಹೇಳಿದಳು. ಅವನು ಕೂಸಿನ ಬಾಯಿಗೆ ಬಾಟಲಿ ಹಿಡಿದು ಕೂತಿದ್ದ.

"ಎಷ್ಟ್ ಸುತ್ತು ಬೇಕ್ರಿ?" ಎಂದು ಮಾತ್ರ ಕೇಳಿದ.

ಅಂಗಡಿಯಲ್ಲಿದ್ದ ತಾಮ್ರದ ತಂತಿಯನ್ನೆಲ್ಲ ತಂದ. ರನ್‌ವೇ ಆಚೆಯ ಬಯಲಿನಲ್ಲಿ ಮರದ ಚೌಕಟ್ಟು ನಿಲ್ಲಿಸಿ, ಎಂಟು ದಿನ ಕೂತು ಏಳು ಸಾವಿರ ಸುತ್ತು ಸುತ್ತಿದ. ಮೋಟಾರಿಗೆ ಸುತ್ತುವಷ್ಟೇ ಒತ್ತಾಗಿ, ಒಂದೂ ಎಳೆ ಜಾರದ ಹಾಗೆ. ಅಕ್ಷತಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಮೊದಲ ದಿನ ಬರೀ ಗರಗರ. ಎರಡನೆಯ ದಿನ ಮಧ್ಯಾಹ್ನ ಆ ಗರಗರದ ಒಳಗಿನಿಂದ ಒಂದು ಸಣ್ಣ, ಒಂದೇ ಸಮದ ಗುಂಯ್‌ಗುಡುವ ಸದ್ದು ಎದ್ದು, ಹದಿನೈದು ಸೆಕೆಂಡು ನಿಂತು, ಹೋಯಿತು.

ಮುಂದಿನದು ನಲವತ್ತೆರಡು ತಾಸಿನ ಮೇಲೆ ಬಂತು. ಅದರ ಮುಂದಿನದೂ ಸರಿಯಾಗಿ ನಲವತ್ತೆರಡು ತಾಸಿನ ಮೇಲೆ.

ಅವಳು ಕಾಗದದ ಮೇಲೆ ಲೆಕ್ಕ ಮಾಡಿದಳು. ಈ ಸಲ ಮೂರು ಸಲ ಮಾಡಿದಳು. ಮಡುವಿನ ನಡುವಿಗೆ ಹತ್ತಿರವಾದಂತೆ ಕಾಲ ಇಳಿಜಾರಿನಂತೆ ಇಳಿಯುತ್ತಿರಲಿಲ್ಲ, ಬಾವಿಯ ಗೋಡೆಯಂತೆ ಒಮ್ಮೆಗೇ ಕುಸಿಯುತ್ತಿತ್ತು. ಅಲ್ಲಿನ ಒಂದು ಸೆಕೆಂಡಿಗೆ ಇಲ್ಲಿನ ನಲವತ್ತೆರಡು ತಾಸು. ಶ್ರೀಶೈಲ ಮಾತು ಕೊಟ್ಟಂತೆ ಇಪ್ಪತ್ತು ನಿಮಿಷ ಸುತ್ತಿ ಹೊರಬಂದರೆ ಐದು ವರ್ಷ ಒಂಬತ್ತು ತಿಂಗಳು. ಬೇಗ ಬಾ ಎಂದು ಅವನಿಗೆ ತಿಳಿಸುವ ಹಾಗೂ ಇಲ್ಲ. ಇಲ್ಲಿನ ಒಂದು ವರ್ಷದ ಕೂಗು ಅಲ್ಲಿ ಮೂರೂವರೆ ನಿಮಿಷಕ್ಕೆ ಒತ್ತಿಹೋಗುತ್ತದೆ. ಅಲ್ಲಿ ಕೇಳುವಂತೆ ಕಳಿಸಬಲ್ಲ ಯಂತ್ರ ಎಲ್ಲೂ ಇರಲಿಲ್ಲ.

"ಜೀವಂತ ಅದಾರೇನ್ರಿ?" ಎಂದ ದಸ್ತಗೀರ.

"ಅದಾರ. ಅವರಿಗೆ ಈಗ ಒಳಗ ಹೋಗಿ ಅರ್ಧ ನಿಮಿಷಾನೂ ಆಗಿಲ್ಲ."

ಅವನು ಕೂಸನ್ನು ನೋಡಿದ. "ಶಮಾ ಶಾಲಿಗೆ ಹೋಗ್ತಿರತಾಳ ಹಂಗಾರ," ಎಂದ. ಆಮೇಲೆ, "ಅಂಗಡಿ ಬಳ್ಳಾರಿಗೇ ತರ್ತೀನ್ರಿ," ಎಂದ.

ಲೆಕ್ಕ ಹಾಕಿದವಳೇ ತಪ್ಪಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಅಕ್ಷತಾಳೇ ಹೇಳಿದ್ದಳು. ಅವನು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ.

ವಾಸುದೇವ ಖಾರ್ವಿಯವರಿಗೆ ಫೋನು ಮಾಡಿದಾಗ ಇನ್ನೊಂದು ಪ್ರಶ್ನೆ ಎದ್ದಿತು. ರುಬೀನಾಳ ಸ್ಥಿತಿ ಕೆಟ್ಟರೆ ಡಾಕ್ಟರ್ ಮೇದಿನಿ ಬೇಗ ಹೊರಡಿಸಬಹುದು. ಮಡುವಿನಿಂದ ಹೊರಬರುವ ಸುಳಿವು ಸಿಕ್ಕ ಮೇಲೆ ಉಳಿಯುವುದು ಏಳೆಂಟು ತಾಸು ಮಾತ್ರ. ರಕ್ತ ಇಟ್ಟರೆ ಮೂವತ್ತೈದು ದಿನ ತಡೆಯುತ್ತದೆ. ಅಂದರೆ ಇಷ್ಟೂ ವರ್ಷ, ಯಾವ ದಿನವೂ ತಪ್ಪದೆ, ಬಳ್ಳಾರಿಯಲ್ಲಿ ಆ ರಕ್ತ ಇರಲೇಬೇಕು.

"ನೀವು ಹೆದರಬೇಡಿ ಮೇಡಂ," ಎಂದರು ಖಾರ್ವಿ. "ನಮ್ಮ ರಕ್ತದವರು ರಾಜ್ಯದಲ್ಲಿ ಹನ್ನೊಂದು ಜನ ಸಿಕ್ಕಿದ್ದಾರೆ. ಪಾಳಿ ಹಾಕುವ."

ಹಾಗೆ ಪಾಳಿ ಶುರುವಾಯಿತು. ಮಂಗಳೂರಿನ ಒಬ್ಬ ನರ್ಸು, ಗದಗಿನ ಬಸ್ ಕಂಡಕ್ಟರು, ಚಾಮರಾಜನಗರದ ಕನ್ನಡ ಮೇಷ್ಟ್ರು, ಹೀಗೆ ಒಬ್ಬರನ್ನೊಬ್ಬರು ಎಂದೂ ನೋಡದವರು ಮೂರು ತಿಂಗಳಿಗೊಮ್ಮೆ ಬಳ್ಳಾರಿಗೆ ಬಂದು ರಕ್ತ ಕೊಟ್ಟು ಹೋದರು. ಬೇಡವಾಗಿ ಉಳಿದ ರಕ್ತ ಪ್ರತಿ ತಿಂಗಳೂ ವ್ಯರ್ಥವಾಗುತ್ತಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ನೀಲವ್ವ ಮತ್ತೆ ಮಾತಾಡಿದ್ದು ಶಮಾಳ ದೆಸೆಯಿಂದ. ದಸ್ತಗೀರ ಅಂಗಡಿಯಲ್ಲಿ ಕೆಲಸ ಮಾಡುವಾಗ ಕೂಸು ಪಕ್ಕದಲ್ಲಿ ಚೀಲದ ಮೇಲೆ ಮಲಗಿರುತ್ತಿತ್ತು. ವಾರ್ನಿಷ್ ವಾಸನೆಗೆ ಕೆಮ್ಮುತ್ತದೆ ಎಂದು ಕೇಳಿದ ನೀಲವ್ವ ಒಂದು ದಿನ ಹೋಗಿ ಎತ್ತಿಕೊಂಡೇ ಬಂದಳು. ಸಂಜೆ ಅಕ್ಷತಾ ಒಳಗೆ ಕಾಲಿಡುತ್ತಿದ್ದಂತೆ, "ಆ ಬಿಸಿನೀರು ಇತ್ಲಾಗ ತಾ, ನಿಂತ್ಕೊಂಡು ಏನ್ ನೋಡ್ತಿ?" ಎಂದಳು. ನಾಲ್ಕು ತಿಂಗಳಲ್ಲಿ ಅದೇ ಮೊದಲ ಮಾತು. ಅಂದಿನಿಂದ ಶಮಾ ಹಗಲೆಲ್ಲ ಆ ಮನೆಯಲ್ಲೇ ಬೆಳೆದಳು.

ನಾಲ್ಕನೆಯ ವರ್ಷ ಇನ್ನೊಂದು ಸಂಕಟ ಬಂತು. ಮಡುವಿನ ಹೆದರಿಕೆಗೆ ಪ್ರಯಾಣಿಕರು ಪೂರ್ತಿ ಕಡಿಮೆಯಾಗಿ ವಿಮಾನಗಳೇ ನಿಂತುಹೋಗಿದ್ದವು. ನಿಲ್ದಾಣ ಮುಚ್ಚಿ, ರನ್‌ವೇ ಅಗೆದು, ಸೌರಫಲಕ ಹಾಕುವ ಯೋಜನೆ ಸಿದ್ಧವಾಯಿತು. ಅದನ್ನು ತಿಳಿಸಲು ಬೆಂಗಳೂರಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದರು.

"ನೋಡಿಮ್ಮ, ನಿಮ್ಮ ದುಃಖ ಅರ್ಥವಾಗುತ್ತೆ. ಆದರೆ ದಾಖಲೆಯಲ್ಲಿ ಆ ವಿಮಾನ ಇಲ್ಲ. ಇಲ್ಲದ ವಿಮಾನಕ್ಕೆ ರನ್‌ವೇ ಹೇಗೆ ಇಟ್ಕೊಳ್ಳೋದು?"

"ದಾಖಲೆ ಬರದೋರು ಕೇಳಿಲ್ಲ ಸರ್," ಎಂದಳು ಅಕ್ಷತಾ. "ಗುರುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕ ಬರ್ರಿ. ಹದಿನೈದು ಸೆಕೆಂಡು ಸಾಕು."

ಅವರು ಬಂದರು. ಹೆಡ್‌ಫೋನ್ ಹಾಕಿಕೊಂಡರು. ಹನ್ನೊಂದು ಇಪ್ಪತ್ತಕ್ಕೆ ಆ ಸದ್ದು ಎದ್ದಿತು, ಹೋಯಿತು. ಅಧಿಕಾರಿ ಹೆಡ್‌ಫೋನ್ ತೆಗೆಯದೆಯೇ ಕೇಳಿದರು.

"ಇದು ಅವರಿಗೆ ಎಷ್ಟು?"

"ಒಂದು ಸೆಕೆಂಡಿಗೊಂದು ಟಿಕ್, ಸರ್. ಮುಂದಿನ ಸೆಕೆಂಡು ಶನಿವಾರ ಬೆಳಿಗ್ಗೆ ಐದು ಇಪ್ಪತ್ತಕ್ಕ."

ಶನಿವಾರ ಅವರು ಯಾರಿಗೂ ಹೇಳದೆ ಸ್ವೆಟರ್ ಹಾಕಿಕೊಂಡು ಒಬ್ಬರೇ ಬಂದು ಮತ್ತೆ ಕೇಳಿಸಿಕೊಂಡರು. ರನ್‌ವೇ ಉಳಿಯಿತು.

ಐದನೆಯ ವರ್ಷ ಮುಗಿದ ಮೇಲೆ ನೀಲವ್ವ ಹಾಸಿಗೆ ಹಿಡಿದಳು. ಐದು ತಿಂಗಳು ನವೆದಳು. ಲೆಕ್ಕದ ಪ್ರಕಾರ ಮಗ ಬರಲು ಇನ್ನೂ ಮೂರೂವರೆ ತಿಂಗಳಿತ್ತು. ಒಂದು ಮಧ್ಯಾಹ್ನ ಸೊಸೆಯನ್ನು ಹತ್ತಿರ ಕರೆದಳು.

"ಅವ ಬಂದಾಗ ಹೊಟ್ಟಿ ಹಸದಿರತೈತಿ. ಮೊದಲ ಉಣ್ಣಾಕ ಹಾಕು. ಆಮ್ಯಾಲ ನನ್ನ ಸುದ್ದಿ ಹೇಳು."

"ನೀವ ಹಾಕ್ರಿ ಅತ್ತಿ."

"ಆಗೂದಿಲ್ಲವ್ವ," ಎಂದಳು ನೀಲವ್ವ, ಬೇಸರವಿಲ್ಲದೆ. ಎರಡು ದಿನಕ್ಕೆ ತೀರಿಕೊಂಡಳು.

ಅದಾಗಿ ಎರಡೂವರೆ ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ ಮಿಡಿತ ಹೊತ್ತಿಗೆ ಮೊದಲೇ ಬಂತು. ನಲವತ್ತೆರಡು ತಾಸಿನ ಬದಲು ಹತ್ತೊಂಬತ್ತು. ಇನ್ನೂ ಒಂದು ತಿಂಗಳಿದೆ ಎಂದುಕೊಂಡಿದ್ದ ಅಕ್ಷತಾ ಗಡಿಯಾರವನ್ನೇ ನಂಬಲಿಲ್ಲ. ಮುಂದಿನದು ಐದು ತಾಸಿಗೆ ಬಂದಾಗ ನಂಬಿದಳು. ಶ್ರೀಶೈಲ ತನ್ನ ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು ಮೊದಲೇ ಹೊರಟಿದ್ದ. ಒಳಗೆ ಏನೋ ಕೆಟ್ಟಿದೆ.

ಆಸ್ಪತ್ರೆಗೆ ಫೋನು ಮಾಡಿದಳು. ಆ ತಿಂಗಳು ಗದಗಿನ ಕಂಡಕ್ಟರ ಮತ್ತು ಇನ್ನಿಬ್ಬರ ಪಾಳಿ. ಮೂರು ಚೀಲ ರಕ್ತ ಸಿದ್ಧವಿತ್ತು. ಖಾರ್ವಿಯವರಿಗೂ ಹೇಳಿದಳು. ಆ ದಿನ ಅವರು ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ಉಣ್ಣುತ್ತಿದ್ದವರು ಕೈ ತೊಳೆದು ಹೊರಟರು. ಸಂಜೆ ನಾಲ್ಕಕ್ಕೆ ತಾವರಗೇರಾದಿಂದ ಫೋನು. "ಕಾಣ್ತೈತ್ರಿ ಮೇಡಂ! ಕೆಂಪಗ ಕಾಣ್ತೈತಿ! ಊರಿಗೂರೇ ಮಾಳಿಗಿ ಮ್ಯಾಲ ಐತಿ!"

ಆಮೇಲೆ ಟಿಕ್‌ಗಳು ನಿಮಿಷಕ್ಕೊಂದು, ಇಪ್ಪತ್ತು ಸೆಕೆಂಡಿಗೊಂದು ಬಂದು, ಸೆಕೆಂಡಿಗೊಂದಾದವು. ರೇಡಿಯೋದಲ್ಲಿ ಅವನ ಧ್ವನಿ ಬಂತು.

"ಬಳ್ಳಾರಿ, ಬರಾಕತ್ತೀನಿ. ರಕ್ತ ಬಂದೈತೇನು? ಆಕೀದು ನಾಡಿ ಬಾಳ ಸಣ್ಣಾಗೇತಿ."

"ಬಂದೈತಿ," ಎಂದಳು ಅಕ್ಷತಾ. "ಇಳೀರಿ. ರನ್‌ವೇ ಖಾಲಿ ಐತಿ."

ಬಿಸಿಲಿಳಿಯುವ ಹೊತ್ತಿಗೆ ವಿಮಾನ ನೆಲ ಮುಟ್ಟಿತು. ಡಾಕ್ಟರ್ ಮೇದಿನಿ ಬಾಗಿಲಿನಿಂದಲೇ, "ಆ ಮೀನುಗಾರರು ಬಂದ್ರೇನು?" ಎಂದು ಕೂಗಿದಳು. ತಲೆ ಪೂರ್ತಿ ಬೆಳ್ಳಗಾಗಿದ್ದ ಖಾರ್ವಿ, "ಬಂದಿದ್ದೇನೆ, ಬಂದಿದ್ದೇನೆ," ಎಂದು ತೋಳು ಮೇಲಕ್ಕೇರಿಸುತ್ತಲೇ ಓಡಿದರು. ಸ್ಟ್ರೆಚರ್ ಆ್ಯಂಬುಲೆನ್ಸು ಹತ್ತಿತು. ದಸ್ತಗೀರ ಶಮಾಳನ್ನು ಎತ್ತಿಕೊಂಡು ಅದರ ಹಿಂದೆ ಹೋದ. ರುಬೀನಾ ಕಣ್ಣು ತೆರೆಯಲಿಲ್ಲ.

ಶ್ರೀಶೈಲ ಮೆಟ್ಟಿಲಿಳಿದು ಬಂದು ಹೆಂಡತಿಯನ್ನು ನೋಡಿದ. ಅವಳ ಮುಖ, ಕನ್ನಡಕ, ಕಿವಿಯ ಮೇಲಿನ ನರೆಗೂದಲು ನೋಡಿದ. ಅವನ ಗಲ್ಲದ ಮೇಲೆ ಆ ಮಂಗಳವಾರ ಬೆಳಿಗ್ಗೆ ಕ್ಷೌರ ಮಾಡುವಾಗ ಆದ ಗಾಯ ಇನ್ನೂ ಹಸಿಯಾಗಿತ್ತು.

"ಎಷ್ಟ್ ಆತು?"

"ಐದು ವರ್ಷ ಎಂಟು ತಿಂಗಳು. ನನ್ನ ಲೆಕ್ಕ ತಪ್ಪಿತ್ರಿ."

ಅವನು ಅವಳ ಹಿಂದೆ ನಿಂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ.

"ಅವ್ವ?"

ಮೊದಲು ಉಣ್ಣಲು ಹಾಕು ಎಂದಿದ್ದಳು ಅತ್ತೆ. ಆದರೆ ಅವನು ಕೇಳಿಬಿಟ್ಟಿದ್ದ, ಅಕ್ಷತಾಳಿಗೆ ಮುಚ್ಚಿಡಲು ಆಗಲಿಲ್ಲ. ಅವನು ವಿಮಾನದ ಮೆಟ್ಟಿಲ ಮೇಲೆ ಕೂತುಬಿಟ್ಟ. ಆ ಸಂಜೆ, ಮರುದಿನ, ಅವನು ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಅವಳು ಬಡಿಸಿದ್ದನ್ನು ಉಂಡ. ತಾಯಿಯ ಕೋಣೆಯ ಬಾಗಿಲಲ್ಲಿ ನಿಂತು ಬಂದ. ಕೇವಲ ಒಂದು ತಾಸಿನ ಕೆಲಸಕ್ಕೆ ಹೋಗಿ ಬಂದವನಿಗೆ ದುಃಖ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ರುಬೀನಾ ಉಳಿದಳು. ನಾಲ್ಕು ಚೀಲ ರಕ್ತ ಹಿಡಿಯಿತು. ಮೂರನೆಯ ದಿನ ಸಾಯಂಕಾಲ ನೋಡಲು ಬಿಟ್ಟಾಗ ಅಕ್ಷತಾ ಹೋದಳು. ಶ್ರೀಶೈಲ ಬರುತ್ತೇನೆ ಎನ್ನಲಿಲ್ಲ, ಆದರೆ ಜೊತೆಗೆ ಬಂದು ಬಾಗಿಲ ಬಳಿ ನಿಂತ.

ಮಂಚದ ಮೇಲೆ ರುಬೀನಾ ದಿಂಬಿಗೆ ಒರಗಿದ್ದಳು. ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ಆ ದೇಹಕ್ಕೆ ಹೆರಿಗೆಯಾಗಿ ಮೂರೇ ದಿನ. ಎದುರಿಗೆ ತಂದೆಯ ತೊಡೆಗೆ ಆತುಕೊಂಡು ಶಮಾ ನಿಂತಿದ್ದಳು.

"ಕೂಸು ಎಲ್ಲೈತಿ ಅಂದ್ರ ಈಕಿನ್ನ ತೋರಸ್ತಾರ್ರಿ," ಎಂದಳು ರುಬೀನಾ ಅಕ್ಷತಾಳಿಗೆ. ಕಣ್ಣು ತುಂಬಿತ್ತು.

"ನಾ ಕೂಸಲ್ಲ," ಎಂದಳು ಶಮಾ. "ಒಂದನೇತ್ತಾ ಅದೀನಿ."

ದಸ್ತಗೀರ ಮುಖ ಆಚೆ ತಿರುಗಿಸಿದ. ಅಕ್ಷತಾ ಮುಂದೆ ಬಂದು, ಆ ದಿನ ಲೆಕ್ಕ ಹಾಕಿದವಳು ತಾನೇ ಎಂದಳು. ಅಳೆಯದೆ ಹೇಳಿದೆ ಎಂದಳು. ಎರಡು ಬಲೂನು ಮರಳಿರಲಿಲ್ಲ, ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂದಳು. ಶ್ರೀಶೈಲನಿಗೂ ಆ ಬಲೂನಿನ ಮಾತು ಅಂದೇ ಮೊದಲು ಕೇಳಿದ್ದು. ಅವನು ಬಾಗಿಲಲ್ಲಿ ಅಲುಗದೆ ನಿಂತಿದ್ದ.

ರುಬೀನಾ ಅವಳ ಕಡೆ ತಿರುಗಲಿಲ್ಲ. ಮಗಳನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು:

"ಈಕಿ ನಡ್ಯಾಕತ್ತಿದ್ದು ಯಾವಾಗ್ರಿ?"

"ಹನ್ನೊಂದು ತಿಂಗಳಿಗೆ."

"ಎಲ್ಲಿ?"

"ನಮ್ಮ ಮನ್ಯಾಗ. ಪಡಸಾಲ್ಯಾಗ."

"ಹ್ಯಾಂಗ ನಡದ್ಲು? ಹೇಳ್ರಿ. ಬಿದ್ಲೇನು? ಅತ್ಲೇನು? ಎಲ್ಲಾ ಹೇಳ್ರಿ, ಮೊದಲಿಂದ. ನನಗೇನೂ ಗೊತ್ತಿಲ್ಲ."

ಅಕ್ಷತಾ ಸ್ಟೂಲು ಎಳೆದುಕೊಂಡು ಮಂಚದ ಹತ್ತಿರ ಕೂತಳು. ಜೀಪಿನಿಂದ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದ ಮಧ್ಯಾಹ್ನದಿಂದ ಶುರು ಮಾಡಿದಳು. ಮೊದಲ ಹಲ್ಲು, ದಡಾರ ಬಂದ ಬೇಸಿಗೆ, ಮಣ್ಣು ತಿಂದು ಸಿಕ್ಕಿಬಿದ್ದದ್ದು. ಶಮಾ ತನ್ನ ಕಥೆ ಕೇಳುತ್ತ ಕೇಳುತ್ತ ತಂದೆಯ ತೊಡೆ ಬಿಟ್ಟು ಮಂಚದ ತುದಿಗೆ ಬಂದು ಕೂತಳು. ನಡೆಯಲು ಕಲಿತ ದಿನದ ಮಾತು ಬಂದಾಗ ಬಾಗಿಲ ಕಡೆಯಿಂದ ಶ್ರೀಶೈಲನ ಧ್ವನಿ ಕೇಳಿತು.

"ಅವ್ವ ಇದ್ಲೇನು ಅವತ್ತು?"

ಅಕ್ಷತಾ ತಿರುಗಿ ಅವನನ್ನು ನೋಡಿದಳು.

"ಇದ್ರು. ಅವರ ಬೆರಳ ಹಿಡಕೊಂಡ ನಡದ್ಲು. ನಾಲ್ಕು ಹೆಜ್ಜಿ ಆದ ಮ್ಯಾಲ ಅತ್ತಿ ಬೆರಳು ಬಿಡಿಸ್ಕೊಂಡ್ರು. ಈಕಿಗೆ ಗೊತ್ತಾಗ್ಲಿಲ್ಲ, ಹಂಗ ಹೋದ್ಲು."

ಶ್ರೀಶೈಲ ಒಳಗೆ ಬಂದ. ಕಿಟಕಿಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

"ಮುಂದ ಹೇಳು," ಎಂದ.